ಗಂಜ್‌ನ ಮೇಲ್ಮಾಳಿಗೆಯ ಮನೆ

30 ಡಿಸೆಂಬರ್ 2024, ಸೋಮವಾರ
ನೆಹರು ಗಂಜ್, ಕಲಬುರಗಿ

ಇಂದು ಎಳ್ಳಮಾವಾಸ್ಯೆ. ಗಂಜ್ ಎಂಬ ಈ ಧಾನ್ಯದ ಪೇಟೆಯಲ್ಲಿ ತೊಗರಿಯ ಹಂಗಾಮು ಶುರುವಾದ ಮೇಲೆ ನಸುಕಿನ ನಾಲ್ಕು ಗಂಟೆಗೇ ಲಾರಿಗಳ ಸದ್ದಿಗೆ ಎಚ್ಚರಗೊಳ್ಳುತ್ತಿದ್ದ ನನಗೆ ಇಂದು ಆರೂವರೆಯವರೆಗೆ ನಿದ್ದೆ ಬಂತು. ಅಡತ್ (ದಲ್ಲಾಳಿ) ಅಂಗಡಿಗಳು ಮುಚ್ಚಿದ್ದವು. ಚೀಲ ಹೊರುವ ಹಮಾಲರು ಚರಗ ಚೆಲ್ಲಲು, ಎಂದರೆ ಹೊಲದಲ್ಲಿ ಭೂತಾಯಿಗೆ ನೈವೇದ್ಯ ಚೆಲ್ಲಲು, ತಮ್ಮ ತಮ್ಮ ಊರುಗಳಿಗೆ ಹೋಗಿದ್ದರು. ಮಾಳಿಗೆಯ ಮೇಲೆ ನಿಂತು ನೋಡಿದರೆ, ಚೀಲಗಳ ರಾಶಿಯಿಲ್ಲದ ರಸ್ತೆ ಈ ತುದಿಯಿಂದ ಆ ತುದಿಯವರೆಗೆ ಕಾಣಿಸುತ್ತಿತ್ತು.

ಚರಗಕ್ಕೆಂದು ತಂಗಿ ನಿನ್ನೆ ರಾತ್ರಿ ಬೆಂಗಳೂರಿನಿಂದ ವಂದೇ ಭಾರತ್ ರೈಲಿನಲ್ಲಿ ಬಂದಿದ್ದಾಳೆ. ಸಜ್ಜೆ ರೊಟ್ಟಿ ಬಡಿಯುತ್ತಲೇ ನಾವಿಬ್ಬರೂ ಮಾತಾಡಿದ್ದು ಆರು ತಿಂಗಳಿಂದ ಮನೆಯಲ್ಲಿ ಇತ್ಯರ್ಥವಾಗದೆ ಉಳಿದ ಒಂದೇ ವಿಷಯವನ್ನು: ಅಂಗಡಿಯ ಮೇಲಿನ ಈ ಮನೆಯನ್ನು ಬಿಟ್ಟು ಸೇಡಂ ರಸ್ತೆಯ ಕಡೆಯ ಹೊಸ ಬಡಾವಣೆಗೆ ಹೋಗಬೇಕೇ, ಬೇಡವೇ.

ಹೋಗಬೇಕೆನ್ನಲು ಇರುವ ದೊಡ್ಡ ಕಾರಣ ಅವ್ವನ ಉಸಿರಾಟ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಹೊಸ ತೊಗರಿ ಬಂದು ಬೀಳುವ ಕಾಲದಲ್ಲಿ, ಚೀಲ ಸುರಿದು ಕಾಳು ಹಸನು ಮಾಡುವಾಗ ಏಳುವ ಹೊಟ್ಟಿನ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಒರೆಸಿದ ಮಂಚದ ಮೇಲೆ ಮಧ್ಯಾಹ್ನದೊಳಗೆ ಮತ್ತೆ ಬೆರಳಿನಿಂದ ಬರೆಯಬಹುದು. ಕಳೆದ ವರ್ಷ ಅವ್ವ ಎರಡು ಬಾರಿ ಆಸ್ಪತ್ರೆ ಸೇರಿದ್ದಳು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ತೊಗರಿ ಬೇಳೆಯ ಬಗ್ಗೆ ನನಗೆ ನಿಜವಾದ ಅಭಿಮಾನವಿದೆ, ನಮ್ಮ ಮನೆ ನಡೆದದ್ದೂ ಅದರಿಂದಲೇ. ಆದರೆ ಅದರ ಧೂಳನ್ನು ಉಸಿರಾಡುವವರು ಯಾರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಮಾಲರ ಎದೆಗೂಡಿನ ಸ್ಥಿತಿ ಅವ್ವನಿಗಿಂತ ಕೆಟ್ಟದಾಗಿರಲೇಬೇಕು. ಇನ್ನು ಬೇಸಿಗೆಯ ತಗಡಿನ ಕಾವು, ಮರವಿಲ್ಲದ ರಸ್ತೆ, ಮಕ್ಕಳಿಗೆ ಆಡಲು ಜಾಗವಿಲ್ಲದಿರುವುದು, ಇವೆಲ್ಲ ಇದ್ದದ್ದೇ.

ಇರಬೇಕೆನ್ನಲು ಇರುವ ಕಾರಣಗಳು ಎಣಿಸಲು ಸಣ್ಣವು. ಔಷಧದ ಅಂಗಡಿಗೆ, ಬ್ಯಾಂಕಿಗೆ, ಕಿರಾಣಿಗೆ ಗಾಡಿ ಹತ್ತಬೇಕಿಲ್ಲ. ಅಪ್ಪ ಮೆಟ್ಟಿಲಿಳಿದರೆ ಅಂಗಡಿ. ಎರಡು ವರ್ಷದ ಹಿಂದೆ ಅಪ್ಪ ಅದೇ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ, ನಾನು ಕೂಗುವ ಮೊದಲೇ ನಾಲ್ವರು ಹಮಾಲರು ಬಂದು ಅವರನ್ನು ಎತ್ತಿ ಆಟೋದಲ್ಲಿ ಕೂಡಿಸಿದ್ದರು. ಅದು ಹಗಲು ಹನ್ನೊಂದು ಗಂಟೆ. ರಾತ್ರಿ ಹನ್ನೊಂದಾಗಿದ್ದರೆ ಯಾರಿರುತ್ತಿದ್ದರು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ತಂಗಿ ಇರುವುದು ಬೆಂಗಳೂರಿನ ಎಂ.ಜಿ. ರಸ್ತೆಯ ಹತ್ತಿರದ ಒಂದು ಓಣಿಯಲ್ಲಿ. ಕಚೇರಿಗೆ ಹತ್ತು ನಿಮಿಷದ ನಡಿಗೆ, ಮೆಟ್ರೋ ಮಗ್ಗುಲಲ್ಲೇ ಇದೆ. ಸಂಬಳದ ಅರ್ಧದಷ್ಟು ಬಾಡಿಗೆಗೆ ಹೋದರೂ ದಿನಕ್ಕೆ ಮೂರು ತಾಸು ಉಳಿಯುತ್ತದೆ ಎಂದು ಲೆಕ್ಕ ಹಾಕಿ ಅವಳು ಅಲ್ಲಿ ಮನೆ ಮಾಡಿದ್ದಳು. ಈಗ ಅವಳ ತಕರಾರು ಗದ್ದಲದ ಬಗ್ಗೆಯಲ್ಲ. "ಅಕ್ಕಾ, ಹಗಲೆಲ್ಲ ಸಾವಿರ ಮಂದಿ ಓಡಾಡ್ತಾರ, ರಾತ್ರಿ ನನ್ನ ಗುರುತಿನವ್ರು ಒಬ್ಬರೂ ಇರಂಗಿಲ್ಲ. ಮ್ಯಾಲಿನ ಮನಿಗೋಳೆಲ್ಲ ಆಫೀಸ್ ಆಗ್ಯಾವ" ಎಂದಳು.

ನಮ್ಮ ಗಂಜ್‌ನಲ್ಲೂ ನಡೆಯುತ್ತಿರುವುದು ಅದೇ. ನಾನು ಚಿಕ್ಕವಳಿದ್ದಾಗ ನಮ್ಮ ಸಾಲಿನ ಹದಿನಾಲ್ಕು ಅಂಗಡಿಗಳ ಪೈಕಿ ಒಂಬತ್ತರ ಮೇಲೆ ಸಂಸಾರಗಳಿದ್ದವು. ಈಗ ಉಳಿದಿರುವುದು ಎರಡು, ಮಿಕ್ಕವು ಗೋದಾಮು. ಇಲ್ಲಿ ದುಡಿಯುವವರು ಇಲ್ಲಿ ಮಲಗುವುದನ್ನು ಬಿಟ್ಟಂದಿನಿಂದ, ಕೆಟ್ಟ ಬೀದಿದೀಪವನ್ನೂ ಕಟ್ಟಿಕೊಂಡ ಗಟಾರವನ್ನೂ ಹಿಡಿದು ಕೇಳುವ ಮಂದಿ ಕಡಿಮೆಯಾದರು. ಕೇಳುವವರು ಕಡಿಮೆಯಾದಂತೆ ಉಳಿದವರಿಗೂ ಇರುವುದು ಕಷ್ಟವಾಯಿತು. ನಾವೂ ಹೋದರೆ ಈ ಸಾಲಿನಲ್ಲಿ ರಾತ್ರಿ ದೀಪ ಹಚ್ಚುವ ಮನೆ ಒಂದೇ ಉಳಿಯುತ್ತದೆ, ಅದರಲ್ಲಿರುವವರು ಎಂಬತ್ತು ದಾಟಿದ ದಂಪತಿ. ಇದು ನನಗೆ ಅವ್ವನ ಕೆಮ್ಮಿನಷ್ಟೇ ಗಂಭೀರವಾದ ಮಾತು.

ಮಧ್ಯಾಹ್ನ ಕಮಲಾಪುರದ ಹತ್ತಿರದ ನಮ್ಮ ಹೊಲದಲ್ಲಿ ಪೂಜೆ ಮುಗಿಸಿ ಚರಗ ಚೆಲ್ಲಿದೆವು. ಹಸಿರು ಜೋಳದ ನಡುವೆ ಕುಳಿತು ಭಜ್ಜಿ ಪಲ್ಯ, ಕಡಬು ಉಣ್ಣುವ ಹೊತ್ತಿಗೆ ಅವ್ವ ಒಮ್ಮೆಯೂ ಕೆಮ್ಮಲಿಲ್ಲ. ಅದನ್ನು ಗಮನಿಸಿದವರು ಅಪ್ಪ. ದೊಡ್ಡವ್ವನೊಡನೆ ಎರಡು ಮಾತಾಡಿ, ಶಿವರಾತ್ರಿಯವರೆಗೆ ಅವ್ವ ಹಳ್ಳಿಯಲ್ಲೇ ಇರಲಿ ಎಂದು ಅವರೇ ತೀರ್ಮಾನಿಸಿದರು. ಪ್ರತಿ ವರ್ಷ ತೊಗರಿಯ ಮೂರು ತಿಂಗಳು ಅವಳು ಅಲ್ಲಿ, ಉಳಿದ ಕಾಲ ಎಲ್ಲರೂ ಇಲ್ಲಿ. ಇಬ್ಬರನ್ನೂ ಈ ವಯಸ್ಸಿನಲ್ಲಿ ಅಗಲಿಸುವ ಈ ಏರ್ಪಾಡು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಮನೆ ಮಾರುವ ಮಾತು ಸದ್ಯಕ್ಕೆ ನಿಂತಿದೆ.

ಇದನ್ನು ಬರೆಯುತ್ತಿರುವಾಗ ರಾತ್ರಿ ಹತ್ತೂವರೆ. ನಾಳೆಯ ಮಾಲು ಹೊತ್ತ ಮೊದಲ ಲಾರಿ ಆಗಲೇ ಬಂದು ನಿಂತಿದೆ. ಕಿಟಕಿಯ ಬೆಳಕು ನೋಡಿ ಚಾಲಕ ಕೆಳಗಿನಿಂದ ಕುಡಿಯುವ ನೀರು ಕೇಳಿದ. ತಂಗಿ ತಂಬಿಗೆ ತುಂಬಿಕೊಂಡು ಮೆಟ್ಟಿಲಿಳಿಯುತ್ತಿದ್ದಾಳೆ.