ಕಪ್ಪು ಹುಳಿ ಬಿಯರು: ಹದಿನಾರನೇ ತಿಂಗಳ ಲೆಕ್ಕ

ಈ ಸಲ ಬರೆಯೋದು ತಡವಾಯ್ತು. ನಿಜ ಹೇಳಬೇಕೆಂದರೆ ಬರೆಯಲು ಮುಜುಗರವೂ ಇತ್ತು. ಹದಿನಾರು ತಿಂಗಳಿಂದ ಜೋಪಾನ ಮಾಡಿದ ಹತ್ತು ಲೀಟರ್ ಬಿಯರು ಹಾದಿ ತಪ್ಪಿದೆ. ತಪ್ಪಿಸಿದ್ದು ನಾನೇ, ಅದೂ ರುಚಿ ನೋಡಿ ನೋಡಿ.

ಹೊಸದಾಗಿ ಓದುವವರಿಗೆ ಹಿಂದಿನದ್ದು ಸ್ವಲ್ಪ. ನಾನಿರುವುದು ಬೆಲ್ಜಿಯಂನ ಗೆಂಟ್‌ನಲ್ಲಿ. ಇಲ್ಲಿಂದ ಸ್ಕೆಲ್ಡೆ ನದಿಯಗುಂಟ ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ಸೈಕಲ್ ತುಳಿದರೆ ಔಡೆನಾರ್ಡೆ. ಅಲ್ಲಿನ ಹಳೆಯ ಬಿಯರಿಗೆ ‘ಔಡ್ ಬ್ರಾಯ್ನ್’ ಅನ್ನುತ್ತಾರೆ, ಅಂದರೆ ಹಳೇ ಕಂದು. ಬಣ್ಣ ಕಪ್ಪುಗೆಂಪು, ರುಚಿ ಹುಳಿ. ಪಶ್ಚಿಮ ಫ್ಲಾಂಡರ್ಸ್‌ನ ರೂಸೆಲಾರೆ ಊರಿನಲ್ಲಿ ಇದಕ್ಕೊಬ್ಬ ದಾಯಾದಿ ಇದ್ದಾನೆ. ಅವನ ಹುಳಿ ಬರುವುದು ಓಕ್ ಮರದ ದೊಡ್ಡ ದೊಡ್ಡ ಪೀಪಾಯಿಗಳಿಂದ. ಮೊದಲ ಸಲ ಕುಡಿದಾಗ ನನಗೆ ನೆನಪಾದದ್ದು ಕೊಡಗಿನ ನಮ್ಮ ಅಡುಗೆಮನೆಯ ಕಾಚಂಪುಳಿ, ಅಂದರೆ ಹಣ್ಣಿನ ರಸ ಬತ್ತಿಸಿ ಮಾಡುವ ಕಪ್ಪು ಹುಳಿ. ಇದನ್ನು ಮನೆಯಲ್ಲೇ ಮಾಡಿ ನೋಡಬೇಕು ಅಂತ ಹುಳ ಹೊಕ್ಕಿದ್ದು ಅಂದೇ.

2023ರ ನವೆಂಬರ್ 11ರಂದು ಕುದಿಸಿದೆ. ವಿಯೆನ್ನಾ ಮಾಲ್ಟು (ಮಾಲ್ಟು ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಮ್ಯೂನಿಕ್ ಮಾಲ್ಟು, ಒಂದಿಷ್ಟು ಮೆಕ್ಕೆಜೋಳದ ಅವಲು, ಜೊತೆಗೆ ‘ಸ್ಪೆಷಲ್ ಬಿ’ ಎಂಬ ಬೆಲ್ಜಿಯಂನ ಕಡುಗಂದು ಮಾಲ್ಟು ಒಂದು ಹಿಡಿ. ಒಣದ್ರಾಕ್ಷಿಯ ವಾಸನೆ ಬರುವುದು ಇದರಿಂದಲೇ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಹೆಸರಿಗಷ್ಟೇ, ಅದು ಹೆಚ್ಚಾದರೆ ಹುಳಿ ತರುವ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯ ಮೇಲೇಳುವುದಿಲ್ಲ. ಹೆಪ್ಪಿಗೆ ‘ರೂಸೆಲಾರೆ ಬ್ಲೆಂಡ್’ ಎಂಬ ಮಿಶ್ರಣ. ಬಿಯರ್ ಯೀಸ್ಟು, ಶೆರ್ರಿ ಯೀಸ್ಟು, ಬ್ರೆಟನೊಮೈಸಿಸ್ ಎಂಬ ಕಾಡು ಯೀಸ್ಟು, ಲ್ಯಾಕ್ಟೋಬ್ಯಾಸಿಲಸ್, ಪೀಡಿಯೊಕಾಕಸ್ ಎಂಬ ಇನ್ನೊಂದು ಹುಳಿ ಬ್ಯಾಕ್ಟೀರಿಯ ಎಲ್ಲ ಒಂದೇ ಪೊಟ್ಟಣದಲ್ಲಿ, ಕೂಡು ಕುಟುಂಬದ ಹಾಗೆ. ಶುರುವಿನ ಸಾಂದ್ರತೆ 1.056 (ನೀರಿನದ್ದು 1.000; ಸಕ್ಕರೆ ಹೆಚ್ಚಿದ್ದಷ್ಟೂ ಇದು ಹೆಚ್ಚು, ಯೀಸ್ಟು ತಿಂದ ಹಾಗೆ ಇಳಿಯುತ್ತದೆ).

ಪುಸ್ತಕದಲ್ಲಿ ಗೀಚಿಟ್ಟ ಹಳೆಯ ಟಿಪ್ಪಣಿಗಳು ಹೀಗಿವೆ:

ಎರಡನೇ ತಿಂಗಳು: ಸಾದಾ ಕಂದು ಬಿಯರು. ಹುಳಿ ಇಲ್ಲ. ಬೇಜಾರು.

ನಾಲ್ಕನೇ ತಿಂಗಳು: ಸಣ್ಣ ಹುಳಿ, ಮಜ್ಜಿಗೆಯ ಹಾಗೆ. ಮೇಲೆ ತೆಳ್ಳಗೆ ಕೆನೆ ಕಟ್ಟಿದೆ.

ಆರನೇ ತಿಂಗಳು: ಅಯ್ಯೋ. ಲೋಟಕ್ಕೆ ಬಗ್ಗಿಸಿದರೆ ನೂಲು ನೂಲಾಗಿ ಇಳಿಯುತ್ತಿದೆ. ಹಳಸಿದ ಹುಳಿಸಾರಿನ ಲೋಳೆ. ಬಾಯಲ್ಲಿ ಬೆಣ್ಣೆಯ ಜಿಡ್ಡು.

ಆವತ್ತು ಪೂರ್ತಿ ಚೆಲ್ಲಿಬಿಡಲು ಹೊರಟಿದ್ದೆ. ಪಕ್ಕದ ಮನೆಯ ಹಿರಿಯರು, ಅವರೂ ಮನೆಯಲ್ಲೇ ಬಿಯರು ಮಾಡುವವರು, ತಡೆದರು. ಇದು ಪೀಡಿಯೊಕಾಕಸ್‌ನ ಕಾಯಿಲೆ, ತಾನೇ ವಾಸಿಯಾಗುತ್ತದೆ, ಎರಡು ತಿಂಗಳು ಸುಮ್ಮನಿರು ಅಂದರು. ಹಾಗೇ ಆಯ್ತು. ಲೋಳೆಯನ್ನೂ ಬೆಣ್ಣೆವಾಸನೆಯನ್ನೂ ಬ್ರೆಟನೊಮೈಸಿಸ್ ನಿಧಾನಕ್ಕೆ ತಿಂದು ಮುಗಿಸಿತು. (ಈ ಹೆಸರಿನ ಅರ್ಥ ‘ಬ್ರಿಟನ್ನಿನ ಶಿಲೀಂಧ್ರ’. 1904ರಲ್ಲಿ ಡೆನ್ಮಾರ್ಕಿನ ಬ್ರೂವರಿ ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್ ಎಂಬವರು ಇಂಗ್ಲಿಷ್ ಬಿಯರಿನಲ್ಲಿ ಅದನ್ನು ಗುರುತಿಸಿದ್ದಕ್ಕೆ ಆ ಹೆಸರು.) ಒಂಬತ್ತನೇ ತಿಂಗಳ ಟಿಪ್ಪಣಿಯಲ್ಲಿ ಒಂದೇ ಮಾತಿದೆ: ‘ಭೇಷ್.’

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಯಾರಾದರೂ ನೆಂಟರು ಬಂದರೆ ಒಂದು ಲೋಟ, ದೀಪಾವಳಿಗೆ ಒಂದು ಲೋಟ, ಬರಿದೇ ಮನಸ್ಸು ತಡೆಯದೆ ಒಂದು ಲೋಟ. ಒಂಬತ್ತು ಸಲ, ಸಲಕ್ಕೆ 150 ಮಿಲಿ. ಅಂದರೆ ಸುಮಾರು ಒಂದೂಕಾಲು ಲೀಟರಿಗೂ ಮೇಲೆ ಖಾಲಿ. ಆ ಜಾಗಕ್ಕೆ ಬಂದದ್ದು ಗಾಳಿ. ಪ್ರತಿ ಸಲ ಬಿರಡೆ ತೆಗೆದಾಗಲೂ ಕೆನೆ ಒಡೆದಿದೆ. ಗಾಳಿ ಸಿಕ್ಕರೆ ಅಸಿಟೋಬ್ಯಾಕ್ಟರ್ ಸುಮ್ಮನಿರುತ್ತದೆಯೇ? ಆಲ್ಕೋಹಾಲನ್ನು ವಿನೆಗರ್ ಮಾಡುವುದೇ ಅದರ ಕಸುಬು.

ಮಾರ್ಚ್ 22, 2025, ಶನಿವಾರ. ಎಷ್ಟು ಕೆಟ್ಟಿದೆ ಅಂತ ನೋಡಲು ಮೇಜಿನ ಮೇಲೆ ಮೂರು ಲೋಟ ಇಟ್ಟೆ. ಪಕ್ಕದಲ್ಲೊಂದು ಚಿಕ್ಕ ತಟ್ಟೆಯಲ್ಲಿ ಅಮ್ಮ ಕಳಿಸಿದ ಕಾಚಂಪುಳಿ ನಾಲ್ಕು ಹನಿ. ಬಿಯರುಗಳನ್ನು ಹನ್ನೆರಡು ಡಿಗ್ರಿಗೆ ತಂದಿದ್ದೆ. ಫ್ರಿಜ್ಜಿನಿಂದ ನೇರವಾಗಿ ಕುಡಿದರೆ ಹುಳಿ ಒಂದು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಮೊದಲನೆಯದು ಔಡೆನಾರ್ಡೆಯ ಲೀಫ್‌ಮನ್ಸ್ ಗೌಡೆನ್‌ಬಂಡ್. ಹೆಸರಿನ ಅರ್ಥ ಬಂಗಾರದ ಪಟ್ಟಿ. ಮಂಡ್ಯ ಕಡೆಯ ನನ್ನ ಗೆಳೆಯ ಮಾತ್ರ ಇದನ್ನು ‘ಗೌಡ್ರ ಬಾಂಡು’ ಅಂತಲೇ ಕರೆಯುವುದು. ತೆಳು ಕಾಗದ ಸುತ್ತಿದ ಸೀಸೆ, ಶೇಕಡಾ 8 ಆಲ್ಕೋಹಾಲು. ಈ ಬ್ರೂವರಿಯ ಚರಿತ್ರೆ 1679ಕ್ಕೆ ಹೋಗುತ್ತದೆ. ಸೆಕ್ರೆಟರಿಯಾಗಿ ಸೇರಿದ ರೋಸಾ ಮರ್ಕ್ಸ್ ಎಂಬ ಹೆಂಗಸು ಮುಂದೆ ಬಿಯರು ಮಾಡುವ ಹೊಣೆಯನ್ನೇ ಹೊತ್ತದ್ದು ಇಲ್ಲೇ. ಇದನ್ನು ತೆರೆದ ತಾಮ್ರದ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ, ಮರದ ಪೀಪಾಯಿಯ ಕೆಲಸ ಇಲ್ಲ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮುರುಗಲು ಪಾನಕದ ಕೆಂಪು, ನಡುವೆ ಜೋನಿಬೆಲ್ಲ. ಮೂಗಿಗೆ ಒಣದ್ರಾಕ್ಷಿ, ಸ್ವಲ್ಪ ಸೀದ ಸಕ್ಕರೆ. ನಾಲಗೆಗೆ ಮೊದಲು ಸಿಹಿ ತಾಗುತ್ತದೆ. ಹುಳಿ ಆಮೇಲೆ ಬರುತ್ತದೆ, ನಾಲಗೆಯ ಪಕ್ಕಗಳಿಂದ, ಮೊಸರಿನ ಹುಳಿ. ಮೂಗಿಗೆ ಏರುವುದಿಲ್ಲ.

ಎರಡನೆಯದು ರೂಸೆಲಾರೆಯ ರೋಡೆನ್‌ಬಾಕ್ ಗ್ರಾಂ ಕ್ರೂ, ಶೇಕಡಾ 6. ಅಲ್ಲಿ 294 ಓಕ್ ಪೀಪಾಯಿಗಳಿವೆ, ಕೆಲವಕ್ಕೆ ನೂರೈವತ್ತು ವರ್ಷ ದಾಟಿದೆ. ಮರ ಉಸಿರಾಡುತ್ತದೆ ಅನ್ನುತ್ತಾರಲ್ಲ, ಇಲ್ಲಿ ಅದು ಬರೀ ಅಲಂಕಾರದ ಮಾತಲ್ಲ. ಮರದ ಮೂಲಕ ಒಂದಿಷ್ಟೇ ಇಷ್ಟು ಗಾಳಿ ಒಳಗೆ ಹೋಗುತ್ತದೆ, ಅಷ್ಟೇ ವಿನೆಗರ್ ಹುಟ್ಟುತ್ತದೆ. ಲೋಟಕ್ಕೆ ಮೂಗು ತಂದ ಕೂಡಲೇ ಚುರುಕ್ ಅನ್ನುತ್ತದೆ. ಹಿಂದೆಯೇ ಹುಳಿ ಚೆರ್ರಿ, ಹಸಿ ಕಟ್ಟಿಗೆ. ಕುಡಿದ ಮೇಲೆ ನೆಲ್ಲಿಕಾಯಿ ತಿಂದ ಹಾಗೆ ಒಗರು. ಆದರೂ ಎರಡನೇ ಗುಟುಕು ಬೇಕು ಅನ್ನಿಸುತ್ತದೆ. ಇದರಲ್ಲಿ ಎರಡು ವರ್ಷ ಮಾಗಿದ್ದು ಮೂರರಲ್ಲಿ ಎರಡು ಪಾಲು, ಎಳೆಯ ಬಿಯರು ಒಂದು ಪಾಲು. ಆ ಎಳೆಯದೇ ಹುಳಿಯ ಕಿವಿ ಹಿಂಡಿ ಕೂರಿಸಿದೆ.

ಮೂರನೆಯದು ನನ್ನದು. ಬಣ್ಣ ಮಾತ್ರ ಮೂರರಲ್ಲೇ ಚೆಂದ, ಒಪ್ಪಲೇಬೇಕು. ಲೋಟ ಇನ್ನೂ ಗಲ್ಲದ ಹತ್ತಿರ ಇರುವಾಗಲೇ ಮೂಗಿಗೆ ಹೊಡೆಯಿತು: ವಿನೆಗರ್, ಅದರ ಬೆನ್ನಿಗೆ ನೇಲ್ ಪಾಲಿಷ್. ಈಥೈಲ್ ಅಸಿಟೇಟ್, ಆಲ್ಕೋಹಾಲೂ ವಿನೆಗರ್ ಆಮ್ಲವೂ ಕೂಡಿ ಆಗುವಂಥದ್ದು. ಗುಟುಕರಿಸಿದರೆ ಗಂಟಲಿನಲ್ಲಿ ಉರಿ. ಆ ಉರಿಯ ಕೆಳಗೆ ಒಂಬತ್ತನೇ ತಿಂಗಳ ಬಿಯರು ಇನ್ನೂ ಇದೆ, ಒಣದ್ರಾಕ್ಷಿ, ಹುರಿದ ಕಡಲೆಕಾಯಿಯ ಸಿಪ್ಪೆ, ಹಳೆ ಕಿತ್ತಳೆ. ಬಾಗಿಲ ಹಿಂದೆ ನಿಂತವರ ಹಾಗೆ.

ಕೊನೆಗೆ ಬೆರಳಿನಲ್ಲಿ ಕಾಚಂಪುಳಿ ಮುಟ್ಟಿ ನಾಲಗೆಗಿಟ್ಟೆ. ಇಷ್ಟು ದಿನ ಇದನ್ನು ‘ಕೂರ್ಗ್ ವಿನೆಗರ್’ ಅಂತ ಇಲ್ಲಿಯವರಿಗೆ ಪರಿಚಯ ಮಾಡಿಕೊಡುತ್ತಿದ್ದೆ, ತಪ್ಪು. ಉಪ್ಪಾಗೆ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕಿ, ತೊಟ್ಟಿಕ್ಕಿದ ರಸವನ್ನು ಕಪ್ಪಾಗಿ ಗಟ್ಟಿಯಾಗುವ ತನಕ ಬತ್ತಿಸಿದರೆ ಕಾಚಂಪುಳಿ. ಅದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಆವಿಯಾಗಿ ಮೂಗಿಗೆ ಬರುವ ಜಾತಿಯದಲ್ಲ. ನನ್ನ ಬಿಯರಿಗಿಂತ ಎಷ್ಟೋ ಪಟ್ಟು ಹುಳಿ, ಆದರೆ ಮೂಗು ತಣ್ಣಗಿತ್ತು. ನಾಲಗೆಯ ಹುಳಿ ಬೇರೆ, ಮೂಗಿನ ಹುಳಿ ಬೇರೆ ಅಂತ ಹತ್ತು ಕಡೆ ಓದಿದ್ದೆ. ತಲೆಗೆ ಹೋದದ್ದು ಆ ನಾಲ್ಕು ಹನಿಯಿಂದ. ನನಗೆ ಬೇಕಾಗಿದ್ದದ್ದು ಕಾಚಂಪುಳಿಯಂಥ ಹುಳಿ, ಅಂದರೆ ಗೌಡೆನ್‌ಬಂಡ್‌ನ ದಾರಿ. ನಾನು ಹೋದದ್ದು ರೋಡೆನ್‌ಬಾಕ್ ದಾರಿಯಲ್ಲಿ, ಅದೂ ಪೀಪಾಯಿ ಇಲ್ಲದೆ, ಬಾಗಿಲು ಹಾರುಹೊಡೆದುಕೊಂಡು.

ಸಂಜೆ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಹುಳಿ ಬಂದದ್ದನ್ನ ಯಾರಾದ್ರೂ ಕುಡೀತಾರೇನೋ? ಹಂದಿ ಮಾಂಸಕ್ಕೆ ಹಾಕು” ಅಂದರು. ಅರ್ಧ ಹಾಗೇ ಮಾಡಿದ್ದೇನೆ. ನಾಲ್ಕು ಲೀಟರನ್ನು ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟೆ, ಪೂರ್ತಿ ವಿನೆಗರ್ ಆಗಲಿ.

ಉಳಿದ ನಾಲ್ಕು ಲೀಟರಿಗೆ ಮದ್ದು ಬೆರಕೆ. ಜನವರಿಯಲ್ಲಿ ಇದೇ ಪಾಕದ ಇನ್ನೊಂದು ಬಿಯರು ಮಾಡಿದ್ದೆ, ಬರೀ ಸಾದಾ ಯೀಸ್ಟಿನಲ್ಲಿ. ಅಳತೆಯ ಲೋಟದಲ್ಲಿ ನೂರು ನೂರು ಮಿಲಿ ಬೆರೆಸಿ ನೋಡಿದೆ. ಮೂರರಲ್ಲಿ ಎರಡು ಪಾಲು ಹಳೆಯದು: ಇನ್ನೂ ಗಂಟಲು ಉರಿ. ಅರ್ಧರ್ಧ: ಉರಿ ಹೋಯ್ತು, ನೇಲ್ ಪಾಲಿಷ್ ಹೋಗಲಿಲ್ಲ. ಹಳೆಯದು ಮೂವತ್ತಕ್ಕೆ ಎಳೆಯದು ಎಪ್ಪತ್ತು: ಚೆನ್ನಾಗಿದೆ, ಆದರೆ ಯಾರದೋ ಬಿಯರು, ನನ್ನದಲ್ಲ. ನಲವತ್ತಕ್ಕೆ ಅರವತ್ತರಲ್ಲಿ ಎಳೆಯದರ ಸಿಹಿ ಮೊದಲು ಬಂದು, ಹುಳಿ ಅದರ ಬಾಲ ಹಿಡಿದು ಬಂತು. ಮೂಗಿಗೆ ಚುರುಕು ಇದೆ, ಏಟಿಲ್ಲ. ಮೂರು ಸಲ ಕಣ್ಣು ಮುಚ್ಚಿ ಲೋಟ ಬದಲಿಸಿ ನೋಡಿದೆ, ಮೂರು ಸಲವೂ ಕೈ ಅದಕ್ಕೇ ಹೋಯ್ತು.

ಈಗಲೇ ಸೀಸೆಗೆ ತುಂಬುವ ಹಾಗಿಲ್ಲ. ಹಳೆಯದರ ಸಾಂದ್ರತೆ 1.006, ಎಳೆಯದು 1.014. ಬೆರೆಸಿದ ಮೇಲೆ ಸುಮಾರು 1.011. ಎಳೆಯದರಲ್ಲಿ ಉಳಿದಿರುವ ಸಕ್ಕರೆಯನ್ನು ಸಾದಾ ಯೀಸ್ಟು ತಿನ್ನಲಾರದು, ಬ್ರೆಟನೊಮೈಸಿಸ್ ತಿನ್ನುತ್ತದೆ. ಹಾಗೆ ತಿನ್ನುತ್ತ ಐದು ಅಂಕ (1.011ರಿಂದ 1.006ಕ್ಕೆ) ಇಳಿಸಿತೆಂದರೆ, ಸಕ್ಕರೆ ಒಂದು ಚಿಟಿಕೆ ಹಾಕದಿದ್ದರೂ, ಸಾಮಾನ್ಯ ಸೀಸೆಗೆ ಭಾರವಾಗುವಷ್ಟು ಗ್ಯಾಸು. ನೆಲಮಾಳಿಗೆಯಲ್ಲಿ ಗಾಜು ಸಿಡಿದರೆ ಮನೆ ಓನರಿಗೆ ಏನಂತ ಹೇಳಲಿ?

ನಾಲ್ಕು ಲೀಟರ್ ಹಳೆಯದು, ಆರು ಲೀಟರ್ ಎಳೆಯದು, ಹತ್ತು ಲೀಟರಿನ ಜಾಡಿಗೆ ಕತ್ತಿನ ತನಕ ತುಂಬಿದೆ. ಬಿರಡೆಗೂ ಬಿಯರಿಗೂ ನಡುವೆ ಈಗ ಎರಡು ಬೆರಳು ಜಾಗ. ಏರ್‌ಲಾಕಿಗೆ (ಗ್ಯಾಸು ಹೊರಬಿಟ್ಟು ಗಾಳಿ ತಡೆಯುವ ನಳಿಗೆ) ನೀರು ಹಾಕಿದೆ. ಬಿರಡೆಯ ಸುತ್ತ ಟೇಪು ಸುತ್ತಿ ಅದರ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿದ್ದೇನೆ: ‘ಜುಲೈ ತನಕ ಮುಟ್ಟಬೇಡ ಮಾರಾಯ.’ ರುಚಿ ನೋಡುವ ಗಾಜಿನ ನಳಿಗೆಯನ್ನು ಪಕ್ಕದ ಮನೆಯ ಹಿರಿಯರ ಕೈಗೆ ಕೊಟ್ಟು ಬಂದೆ.