ಹಸಿರು ಜಾಡಿನಿಂದ ನೀಲಿ ಜಾಡಿಗೆ: ಮನೆಮಂದಿಯ ಕಾಡುದಾರಿ ಸೈಕ್ಲಿಂಗ್‌ನ ಪ್ರಗತಿ ಟಿಪ್ಪಣಿ

ಕಾಡಿನೊಳಗಿನ ಸೈಕಲ್ ಜಾಡುಗಳಲ್ಲಿ ಹಸಿರು ಗುರುತಿನವು ನಮ್ಮ ನಾಲ್ವರಿಗೂ ಈಗ ಸಲೀಸಾಗಿವೆ. ನೀಲಿ ಗುರುತಿನ ಸುತ್ತಿನಲ್ಲಿ ದೊಡ್ಡ ಮಗಳು ಬಹುತೇಕ ಕಡೆ ಇಳಿಯದೆ ಸಾಗುತ್ತಾಳೆ, ಚಿಕ್ಕವನು ಎರಡು ಜಾಗಗಳಲ್ಲಿ ಮಾತ್ರ ಸೈಕಲ್ ತಳ್ಳಿಕೊಂಡು ನಡೆಯುತ್ತಾನೆ. ಈ ಹಂತದಲ್ಲಿ ನಮ್ಮ ಹೆಚ್ಚಿನ ಸಮಯ ಹೋದದ್ದು ಬ್ರೇಕ್ ಹಿಡಿಯುವುದನ್ನು ಮತ್ತು ಬಿಡುವುದನ್ನು ಕಲಿಯುವುದಕ್ಕೆ, ಆದ್ದರಿಂದ ಈ ಟಿಪ್ಪಣಿಯ ಹೆಚ್ಚಿನ ಭಾಗವೂ ಅದಕ್ಕೇ ಮೀಸಲು. ಸುಲಭದ ಜಾಡಿನಿಂದ ಮಧ್ಯಮ ಜಾಡಿಗೆ ದಾಟಲು ಮಕ್ಕಳಿಗೆ ಧೈರ್ಯ ಬೇಕೆಂದು ಹಲವರು ಹೇಳುತ್ತಾರೆ. ನಾನು ಕಂಡಂತೆ, ತನ್ನ ಸೈಕಲ್ಲು ಬೇಕೆಂದ ಜಾಗದಲ್ಲಿ ನಿಲ್ಲುತ್ತದೆ ಎಂಬುದು ಮಗುವಿಗೆ ಖಚಿತವಾದರೆ ಧೈರ್ಯದ ಮಾತನ್ನು ಯಾರೂ ಎತ್ತಬೇಕಾಗುವುದಿಲ್ಲ.

ಮೊದಲು ಬಣ್ಣಗಳ ವಿಚಾರ. 1988ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಬಳಕೆಗೆ ತಂದಿರುವ ಶ್ರೇಣಿಯಲ್ಲಿ ಹಸಿರು ವೃತ್ತವೆಂದರೆ ಸುಲಭ, ನೀಲಿ ಚೌಕವೆಂದರೆ ಮಧ್ಯಮ, ಕಪ್ಪು ವಜ್ರವೆಂದರೆ ಕಠಿಣ. ಹಸಿರಿನಲ್ಲಿ ಸರಾಸರಿ ಇಳಿಜಾರು ಶೇಕಡಾ 5ರೊಳಗೆ, ಜಾಡಿನ ಅಗಲ 36 ಇಂಚಿಗೆ ಕಡಿಮೆಯಿಲ್ಲದಂತೆ, ತಪ್ಪಿಸಲಾಗದ ಅಡೆತಡೆಗಳ ಎತ್ತರ 2 ಇಂಚಿನೊಳಗೆ ಇರುತ್ತದೆ. ನೀಲಿಯಲ್ಲಿ ಸರಾಸರಿ ಇಳಿಜಾರು ಶೇಕಡಾ 10ರವರೆಗೆ ಏರುತ್ತದೆ, ಅಗಲ 24 ಇಂಚಿಗೆ ಇಳಿಯಬಹುದು, ಅಡೆತಡೆ 8 ಇಂಚಿನಷ್ಟು ಎತ್ತರವಿರಬಹುದು. ಬ್ರಿಟನ್ನಿನ ಅರಣ್ಯ ಜಾಡುಗಳಲ್ಲಿ ನೀಲಿಗೂ ಕಪ್ಪಿಗೂ ನಡುವೆ ಕೆಂಪು ಎಂಬ ಇನ್ನೊಂದು ಮೆಟ್ಟಿಲಿರುವುದರಿಂದ, ಬಣ್ಣದ ಹೆಸರು ಕೇಳಿದೊಡನೆ ಅದು ಯಾವ ಪದ್ಧತಿಯ ಬಣ್ಣವೆಂದು ನೋಡಿಕೊಳ್ಳುವುದು ಕ್ಷೇಮ.

ಈ ಅಂಕಿಗಳನ್ನು ವಯಸ್ಕರ ಸೈಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಒಂದು ಮುಖ್ಯ ಸಂಗತಿ ಕಣ್ತಪ್ಪುತ್ತದೆ. ನನ್ನ ಸೈಕಲ್ಲಿನ ಚಕ್ರ 29 ಇಂಚಿನದು, ಅದರ ಅಚ್ಚು ನೆಲದಿಂದ ಸುಮಾರು ಹದಿನಾಲ್ಕೂವರೆ ಇಂಚು ಮೇಲಿರುತ್ತದೆ. ಮಗನದು 20 ಇಂಚಿನ ಚಕ್ರ, ಅಚ್ಚು ಇರುವುದು ಹತ್ತು ಇಂಚಿನ ಆಸುಪಾಸಿನಲ್ಲಿ. ಎಂಟು ಇಂಚಿನ ಕಲ್ಲು ನನಗೆ ಒಂದು ಕುಲುಕು, ಅವನಿಗೆ ಬಹುಮಟ್ಟಿಗೆ ಗೋಡೆ. ಒಂದೇ ನೀಲಿ ಫಲಕದ ಕೆಳಗೆ ನಾವಿಬ್ಬರೂ ಎರಡು ಬೇರೆ ಬೇರೆ ಜಾಡುಗಳಲ್ಲಿ ಹೋಗುತ್ತಿದ್ದೇವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಅವನು ಎಲ್ಲಿ ಇಳಿದು ನಡೆಯಬೇಕೆಂಬ ಚರ್ಚೆಯೇ ನಮ್ಮಲ್ಲಿ ನಿಂತುಹೋಗಿದೆ.

ಬ್ರೇಕ್ ಲಿವರ್ ಮತ್ತು ಚಿಕ್ಕ ಕೈ

ಮಗನ ಬ್ರೇಕ್ ಅಭ್ಯಾಸ ಆರಂಭವಾದದ್ದು ಜಾಡಿನಲ್ಲಿ ಅಲ್ಲ, ಒಂದು ಸಣ್ಣ ಸ್ಕ್ರೂ ಮೇಲೆ. ಹಿಡಿಯ ಮೇಲೆ ಅಂಗೈಯನ್ನು ಪೂರ್ತಿ ಊರಿದಾಗ ಅವನ ತೋರುಬೆರಳಿನ ತುದಿ ಮಾತ್ರ ಲಿವರ್‌ಗೆ ತಾಗುತ್ತಿತ್ತು. ಲಿವರ್ ಎಳೆಯಬೇಕಾದರೆ ಅಂಗೈಯನ್ನು ಮುಂದಕ್ಕೆ ಹೊರಳಿಸಬೇಕಿತ್ತು, ಅಷ್ಟರಲ್ಲಿ ಹ್ಯಾಂಡಲ್ಲಿನ ಮೇಲಿನ ಹಿಡಿತ ಸಡಿಲಾಗುತ್ತಿತ್ತು. ಲಿವರ್ ಬುಡದಲ್ಲಿರುವ ಹೊಂದಾಣಿಕೆಯ ಸ್ಕ್ರೂವನ್ನು ಚಿಕ್ಕ ಅಲೆನ್ ಕೀಯಿಂದ ಸ್ವಲ್ಪ ಸ್ವಲ್ಪವೇ ಒಳಕ್ಕೆ ತಿರುಗಿಸುತ್ತ, ಪ್ರತಿ ತಿರುವಿನ ಬಳಿಕ ಅವನ ಬೆರಳನ್ನು ಇಡಿಸಿ ನೋಡುತ್ತ, ತೋರುಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಆರಾಮವಾಗಿ ಕೂರುವಲ್ಲಿಗೆ ತಂದು ನಿಲ್ಲಿಸಿದೆವು. ಲಿವರ್ ಹಿಡಿಗೆ ಹತ್ತಿರವಾದಷ್ಟೂ ಅದು ಚಲಿಸಲು ಉಳಿಯುವ ಜಾಗ ಕಡಿಮೆಯಾಗುವುದರಿಂದ, ಕೇಬಲನ್ನೂ ಬಿಗಿಮಾಡಿ, ಜೋರಾಗಿ ಒತ್ತಿದಾಗಲೂ ಲಿವರ್ ಹಿಡಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಕ್ಕಳ ಸೈಕಲ್ಲಿಗೆ ಸಸ್ಪೆನ್ಷನ್ ಫೋರ್ಕ್, ಅಂದರೆ ಮುಂಚಕ್ರ ಹಿಡಿದು ಕುಲುಕನ್ನು ಹೀರುವ ಕವೆ, ಇದೆಯೇ ಎಂದು ಕೇಳುವವರು ಬಹಳ, ಲಿವರ್ ಬೆರಳಿಗೆ ಎಟುಕುತ್ತದೆಯೇ ಎಂದು ಕೇಳುವವರು ವಿರಳ. ಅಗ್ಗದ ಸ್ಪ್ರಿಂಗ್ ಫೋರ್ಕ್ ಹಗುರ ಮಗುವಿನ ಭಾರಕ್ಕೆ ಕುಗ್ಗುವುದೇ ಕಷ್ಟ, ಅದು ಕೊಡುವುದು ಹೆಚ್ಚಿನ ತೂಕವನ್ನು ಮಾತ್ರ.

ಅನಂತರ ಸಮತಟ್ಟಾದ ಮಣ್ಣಿನ ಅಂಗಳದಲ್ಲಿ ಒಂದು ಗೆರೆ ಎಳೆದು, ಚಕ್ರ ಜಾರದಂತೆ ಗೆರೆಯ ಮೇಲೆ ನಿಲ್ಲಿಸುವ ಆಟ ನಡೆಯಿತು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ಮುಂಚಕ್ರವೇ ನೆಲವನ್ನು ಹೆಚ್ಚು ಬಿಗಿಯಾಗಿ ಕಚ್ಚುತ್ತದೆ, ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಅದರದೇ. ಆದರೆ ಮುಂದಿನ ಬ್ರೇಕ್ ಹಿಡಿದರೆ ತಲೆಕೆಳಗಾಗಿ ಬೀಳುತ್ತೇವೆಂಬ ಮಾತನ್ನು ಎಲ್ಲಿಂದಲೋ ಕೇಳಿಸಿಕೊಂಡಿದ್ದ ಮಕ್ಕಳಿಬ್ಬರೂ ಹಿಂದಿನದನ್ನು ಮಾತ್ರ ಒತ್ತಿ ಮಣ್ಣಿನಲ್ಲಿ ಉದ್ದನೆಯ ಗೀರು ಎಳೆಯುತ್ತಿದ್ದರು, ಆ ಗೀರಿಗೆ ಹೆಮ್ಮೆಯೂ ಪಡುತ್ತಿದ್ದರು! ಒಂದೊಂದೇ ಬೆರಳಿನಿಂದ ಎರಡೂ ಬ್ರೇಕ್‌ಗಳನ್ನು ಮೆಲ್ಲಗೆ ಒತ್ತುತ್ತ ಹೋಗುವುದು, ಸೊಂಟವನ್ನು ತುಸು ಹಿಂದಕ್ಕೆ ತಂದು ಹಿಮ್ಮಡಿಯನ್ನು ಕೆಳಕ್ಕೆ ಒತ್ತುವುದು ರೂಢಿಯಾದ ಮೇಲೆ, ಅದೇ ಆಟವನ್ನು ಸಣ್ಣ ಇಳಿಜಾರಿಗೆ, ಆಮೇಲೆ ಸಡಿಲ ಜಲ್ಲಿಗೆ ಕೊಂಡೊಯ್ದೆವು. ಜಾರಿಸಿ ನಿಲ್ಲಿಸುವುದು ಜಾಡಿಗೂ ಕೇಡು: ತಿರುವಿನ ಮುನ್ನ ಎಲ್ಲರೂ ಹಾಗೆ ಜಾರಿಸಿದರೆ ನೆಲದಲ್ಲಿ ಸಾಲು ಸಾಲು ಉಬ್ಬುಗಳೇಳುತ್ತವೆ, ಆಮೇಲೆ ಆ ಉಬ್ಬುಗಳ ಮೇಲೆ ಬ್ರೇಕೇ ನಿಲ್ಲುವುದಿಲ್ಲ.

ಬಿಡುವ ಜಾಗ

ಹಿಡಿಯುವುದಕ್ಕಿಂತ ಬಿಡುವುದು ಕಷ್ಟದ್ದು. ಟೈರಿನ ಹಿಡಿತ ಒಂದೇ ಜೇಬಿನ ಹಣವಿದ್ದಂತೆ, ಬ್ರೇಕಿಗೆ ಖರ್ಚಾದದ್ದು ತಿರುವಿಗೆ ಉಳಿಯುವುದಿಲ್ಲ. ಆದಕಾರಣ ವೇಗವನ್ನು ತಿರುವಿನ ಮೊದಲೇ ಇಳಿಸಿ, ತಿರುವಿನೊಳಗೆ ಲಿವರ್ ಸಡಿಲಬಿಟ್ಟು, ಕಣ್ಣನ್ನು ತಿರುವು ಮುಗಿಯುವ ಕಡೆಗೆ ಇಡಬೇಕು. ನಮ್ಮ ನೀಲಿ ಸುತ್ತಿನಲ್ಲಿ ಇದನ್ನು ಕಲಿಸಿದ್ದು ಒಂದು ಎಡತಿರುವು. ಅಲ್ಲಿ ಸಿಪ್ಪೆ ಸವೆದು ನುಣುಪಾದ ಎರಡು ಬೇರುಗಳು ಜಾಡನ್ನು ಓರೆಯಾಗಿ ದಾಟುತ್ತವೆ, ಇಬ್ಬನಿ ಬಿದ್ದ ಬೆಳಗ್ಗೆ ಅವು ಸೋಪು ಹಚ್ಚಿದಷ್ಟು ಜಾರುತ್ತವೆ ಎಂದರೆ ಅತಿಶಯೋಕ್ತಿಯಲ್ಲ. ಬೇರಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಬೇರಿನ ಓರೆಯನ್ನೇ ಅನುಸರಿಸಿ ಪಕ್ಕಕ್ಕೆ ಸರಿಯುತ್ತದೆ. ಸೈಕಲ್‌ಗಳನ್ನು ಒರಗಿಸಿ ಆ ಜಾಗವನ್ನು ಕಾಲ್ನಡಿಗೆಯಲ್ಲಿ ಮೇಲಿಂದ ಕೆಳಗೆ ನೋಡಿ, ವೇಗ ಇಳಿಸಲು ಆರಂಭಿಸುವಲ್ಲಿ ಒಂದು ಕಡ್ಡಿ, ಬ್ರೇಕ್ ಪೂರ್ತಿ ಬಿಡಬೇಕಾದಲ್ಲಿ ಇನ್ನೊಂದು ಕಡ್ಡಿಯನ್ನು ಜಾಡಿನ ಅಂಚಿನಲ್ಲಿ ಇಟ್ಟೆವು. ಎರಡನೆಯ ಕಡ್ಡಿಯಿಂದ ಮುಂದಕ್ಕೆ ಹೊರಮಗ್ಗುಲಿನಿಂದ ಬಂದರೆ ಬೇರುಗಳು ಆದಷ್ಟು ನೇರವಾಗಿ ಅಡ್ಡ ಸಿಗುತ್ತವೆ. ಪೆಡಲ್‌ಗಳು ನೆಲಕ್ಕೆ ಸಮಾನಾಂತರ, ಮೊಣಕೈ ಮೊಣಕಾಲುಗಳು ಮಡಿದಿರಬೇಕು, ಬೆರಳು ಲಿವರ್ ಮೇಲಿದ್ದರೂ ಒತ್ತಬಾರದು. ಅದೊಂದು ತುಣುಕನ್ನೇ ಮತ್ತೆ ಮತ್ತೆ ಮಾಡಿದ ದಿನ ನಾವು ಸಾಗಿದ ದೂರ ತೀರ ಕಡಿಮೆ, ಆದರೆ ಇಡೀ ಸುತ್ತಿನ ಉಳಿದ ಬೇರುಗಳೆಲ್ಲ ಅಂದೇ ಬಗೆಹರಿದವು. ಮನೆಗೆ ಹೊರಡುವಾಗ ಕಡ್ಡಿಗಳನ್ನು ಎತ್ತಿ ಹಾಕಬೇಕು, ಹಿಂದೆ ಬರುವವರ ಚಕ್ರಕ್ಕೆ ಅವು ಸಿಕ್ಕಬಾರದು.

ಮಗಳ ಅಡಚಣೆ ಬೇರೆಯದು. ಇಳಿಜಾರೆಂದೊಡನೆ ಅವಳು ಸೀಟಿನ ಹಿಂದಕ್ಕೆ ಜೋತುಬೀಳುತ್ತಿದ್ದಳು, ಆಗ ಮುಂಚಕ್ರ ಹಗುರಾಗಿ ಹ್ಯಾಂಡಲ್ ತಿರುಗಿಸಿದರೂ ಸೈಕಲ್ ನೇರ ಹೋಗುತ್ತಿತ್ತು. ಇಳಿಯುವ ಮೊದಲು ಸೀಟನ್ನು ತಗ್ಗಿಸಿ, ಗದ್ದ ಹ್ಯಾಂಡಲ್ಲಿನ ನಡುಭಾಗದ ಮೇಲೆಯೇ ಇರುವಂತೆ ಸೊಂಟದಲ್ಲಿ ಬಾಗಲು ಹೇಳಿದ್ದರಿಂದ ಇದು ಬಹಳಷ್ಟು ಸರಿಯಾಗಿದೆ.

ಗಾಳಿ, ಏರು, ನೀರು

ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ಗರಿಷ್ಠ ಒತ್ತಡ ತುಂಬಬೇಕಾದ ಒತ್ತಡವೆಂದು ಅನೇಕರು ತಿಳಿಯುತ್ತಾರೆ. ಹಗುರವಾದ ಮಗುವಿನ ಅಗಲ ಟೈರಿಗೆ ಅಷ್ಟು ಗಾಳಿ ತುಂಬಿದರೆ ಅದು ಪ್ರತಿ ಬೇರಿಗೂ ಪುಟಿಯುತ್ತದೆ. ಮಗನ ಟೈರನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದಾಗ ರಬ್ಬರು ಬೇರಿನ ಮೇಲೆ ಒತ್ತಿ ಕೂರುವುದು ಕಣ್ಣಿಗೇ ಕಾಣುತ್ತಿತ್ತು. ಒಳಗೆ ಟ್ಯೂಬ್ ಇರುವುದರಿಂದ ಇನ್ನೂ ಇಳಿಸಲು ಮನಸ್ಸಾಗಲಿಲ್ಲ: ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಜೋಡಿ ಸೀಳು ಬಿಟ್ಟರೆ ಕಾಡಿನ ನಡುವೆ ಪಂಕ್ಚರ್ ಹಾಕುವ ಕೆಲಸ ನನ್ನದೇ. ಬೆನ್ನಚೀಲದಲ್ಲಿ ಎರಡೂ ಅಳತೆಯ ಟ್ಯೂಬ್, ಟೈರ್ ಲಿವರ್, ಪಂಪು, ಬಹೂಪಯೋಗಿ ಕೀಗಳು, ಚೈನಿನ ಜೋಡಣೆ ಕೊಂಡಿ, ಪಟ್ಟಿಬಟ್ಟೆ ಇರುತ್ತವೆ.

ಏರಿನಲ್ಲಿ ಹೇಳುವಂಥದ್ದು ಕಡಿಮೆ. ಗೇರನ್ನು ಏರು ಶುರುವಾಗುವ ಮುನ್ನವೇ ಇಳಿಸಬೇಕು, ಸೀಟಿನ ಮೂತಿಯ ಕಡೆ ಸರಿದು ಕೂತು ತುಳಿಯಬೇಕು. ಉದ್ದನೆಯ ಏರಿನಲ್ಲಿ ಮಗನ ಸೈಕಲ್ಲನ್ನು ಹಿಗ್ಗುವ ಹಗ್ಗದಿಂದ ನನ್ನ ಸೀಟಿಗೆ ಕಟ್ಟಿ ಎಳೆಯುತ್ತೇನೆ, ತುದಿ ಮುಟ್ಟಿದೊಡನೆ ಬಿಚ್ಚುತ್ತೇನೆ. ಹಗ್ಗ ಕಟ್ಟಿಕೊಂಡು ಇಳಿಯುವುದು ಖಂಡಿತ ಕೂಡದು. ಸಾಗುವಾಗ ದೊಡ್ಡವರಲ್ಲಿ ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ, ಪ್ರತಿ ಕವಲಿನಲ್ಲೂ ಎಲ್ಲರೂ ಬಂದು ಸೇರುವವರೆಗೆ ನಿಲ್ಲುತ್ತೇವೆ. ನಡೆಯುವವರಿಗೆ ದಾರಿ ಬಿಡುವುದು, ಇಳಿಯುವವರು ಏರುವವರಿಗಾಗಿ ನಿಲ್ಲುವುದು ಈಗ ಮಕ್ಕಳಿಗೆ ಹೇಳಿಸಿಕೊಳ್ಳದೆ ಬರುತ್ತದೆ.

ಮಕ್ಕಳು ಅತಿ ಹೆಚ್ಚು ಇಷ್ಟಪಟ್ಟಿರುವ ಅಲೆಯಂಥ ಏರಿಳಿತಗಳು ನಿಜಕ್ಕೂ ಅವರಿಗಾಗಿ ಮಾಡಿದವಲ್ಲ. ಜಾಡಿನುದ್ದಕ್ಕೂ ನೀರು ಹರಿದು ಕೊರಕಲಾಗದಿರಲಿ ಎಂದು ಅಲ್ಲಲ್ಲಿ ಇಳಿಜಾರನ್ನು ತುಸು ಮೇಲಕ್ಕೆ ತಿರುಗಿಸಿ, ಆ ತಗ್ಗಿನಲ್ಲಿ ನೀರನ್ನು ಪಕ್ಕಕ್ಕೆ ಬಿಡುತ್ತಾರೆ. ಆ ಉಬ್ಬಿನ ನೆತ್ತಿಯಲ್ಲಿ ಕೈಕಾಲು ಮಡಿಸಿ, ಇಳಿಯುವ ಮಗ್ಗುಲಲ್ಲಿ ಒತ್ತಿದರೆ ಪೆಡಲ್ ತುಳಿಯದೆ ವೇಗ ಸಿಗುತ್ತದೆಂದು ಮಗಳು ತಾನೇ ಕಂಡುಕೊಂಡಳು. ಚಕ್ರ ಹೂತು ಗಾಡಿಜಾಡು ಮೂಡುವಷ್ಟು ನೆಲ ಒದ್ದೆಯಿದ್ದ ದಿನ ನಾವು ಕಾಡಿಗೆ ಇಳಿಯುವುದಿಲ್ಲ. ಆ ಗಾಡಿಜಾಡು ಒಣಗಿದರೆ ಮುಂದಿನ ಮಳೆಗೆ ಅದೇ ಕಾಲುವೆ.

ಮಗಳ ಹೆಲ್ಮೆಟ್ ಒಂದು ಮರಕ್ಕೆ ಬಲವಾಗಿ ತಾಗಿದ್ದರಿಂದ ಬದಲಾಯಿಸಿದ್ದೇವೆ. ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ನೊರೆಪದರ ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ. ಈಗ ಉಳಿದಿರುವ ಕೆಲಸವೆಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿರುವ ಅವಳ ಫೋರ್ಕಿನ ಒತ್ತಡವನ್ನು, ಅವಳು ನಿಂತಾಗ ಅದು ತನ್ನ ಪೂರ್ಣ ಚಲನೆಯ ಕಾಲುಭಾಗದಷ್ಟು ಕುಗ್ಗುವಂತೆ ಹೊಂದಿಸುವುದು, ಹಿಂದಿನ ಬ್ರೇಕಿನ ಸವೆದ ಪ್ಯಾಡುಗಳನ್ನು ಬದಲಿಸುವುದು. ಕಲ್ಲಿನ ಮೆಟ್ಟಿಲುಗಳಿರುವ ಆ ಎರಡು ಜಾಗಗಳನ್ನು ಮಗ 24 ಇಂಚಿನ ಸೈಕಲ್ಲಿಗೆ ಬೆಳೆಯುವವರೆಗೆ ನಡೆದೇ ದಾಟುತ್ತಾನೆ. ಅಲ್ಲಿಯವರೆಗೆ ಅವನ ಅಭ್ಯಾಸಕ್ಕೆ ಹಸಿರು ಜಾಡಿನ ಕೊನೆಯ ಇಳಿಜಾರನ್ನು ಆರಿಸಿಕೊಂಡಿದ್ದೇವೆ. ಅಲ್ಲಿನ ತಿರುವುಗಳು ಅಗಲವಾಗಿವೆ, ಬ್ರೇಕ್ ಬಿಡುವ ಜಾಗವನ್ನು ಅವನೇ ಗುರುತಿಸಿ ನಮಗೆ ತೋರಿಸಬೇಕೆಂಬುದು ಸದ್ಯದ ಒಪ್ಪಂದ.