ಪರಿಹಾರದ ಪ್ಯಾರಾ ಕೊನೆಗೂ ದಾರಿಗೆ ಬಂತು

ನಮ್ಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಭಾನುವಾರ ಸಂಜೆ ಹೈಸ್ಕೂಲ್ ಮಕ್ಕಳಿಗೆ ಪ್ರಬಂಧ ಬರೆಸುವ ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ವಿಷಯ ಆರಿಸಿದ್ದು, ಟಿಪ್ಪಣಿ ಮಾಡಿಸಿದ್ದು, ಮೊದಲ ಕರಡು ಇವನ್ನೆಲ್ಲ ಹೇಳುತ್ತಾ ಕೂರಲ್ಲ. ಮಕ್ಕಳಿಂದ ಬರೆಸುವವರಿಗೆ ಅದೆಲ್ಲ ದಿನದ ಪಾಡು. ಈ ಸಲ ಬರೀ ಪರಿಹಾರದ ಪ್ಯಾರಾ. ಜೀವ ತಿಂದಿದ್ದೇ ಅದು.

ಸಮಸ್ಯೆ ಬರೆಯೋದರಲ್ಲಿ ನಮ್ಮ ಮಕ್ಕಳು ಭಾರಿ ಚುರುಕು. ಚರಂಡಿ ಬಗ್ಗೆ ಬರೆದರೆ ಓದುವವರು ಮೂಗು ಮುಚ್ಚಿಕೊಳ್ಳಬೇಕು, ಹಾಗೆ ಬರೆಯುತ್ತಾರೆ. ಪರಿಹಾರ ಅಂದ ಕೂಡಲೇ ಪೆನ್ನು ತಾನಾಗಿಯೇ ಓಡುತ್ತದೆ: ‘ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು. ಜನರಲ್ಲಿ ಜಾಗೃತಿ ಮೂಡಿಸಬೇಕು. ನಾವೆಲ್ಲರೂ ಕೈಜೋಡಿಸಬೇಕು.’ ಕುಡಿಯುವ ನೀರಿರಲಿ, ಬೀದಿನಾಯಿ ಇರಲಿ, ಮೊಬೈಲ್ ಚಟ ಇರಲಿ, ಈ ಮೂರು ಸಾಲು ಹಾಜರ್. ಸರಬರಾಜು ಎಲ್ಲಿಂದ ಅಂತ ನಿಮಗೂ ಗೊತ್ತು. ಬಸ್‌ಸ್ಟ್ಯಾಂಡ್ ಅಂಗಡಿಯ ಪ್ರಬಂಧ ಗೈಡುಗಳು. ಪ್ರತಿ ವರ್ಷ ರಟ್ಟು ಬದಲಾಗುತ್ತೆ, ಬೆಲೆ ಏರುತ್ತೆ, ಒಳಗಿನ ಉಪಸಂಹಾರಕ್ಕೆ ಮಾತ್ರ ವಯಸ್ಸೇ ಆಗಲ್ಲ.

‘ಬೇಕು’ ಅಂತ ಮುಗಿಸಿದರೆ ದಂಡ ಅಂದೆ. ಮುಂದಿನ ವಾರ ‘ಕ್ರಮ ಕೈಗೊಳ್ಳುವುದು ಅತ್ಯಗತ್ಯ’ ಅಂತ ಬಂತು. ಅದಕ್ಕೂ ದಂಡ ಹಾಕಿದೆ. ‘ಕೈಗೊಂಡರೆ ಒಳಿತು’ ಅಂತ ಬಂತು. ಇವರೆಲ್ಲ ಮುಂದೆ ವಕೀಲರಾಗ್ತಾರೆ ಬಿಡಿ.

ಗಂಟು ಸಡಿಲಾಗಿದ್ದು ಪ್ಲಾಸ್ಟಿಕ್ ಪ್ರಬಂಧದಲ್ಲಿ. ಒಬ್ಬಳು ‘ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಬೇಕು’ ಅಂತ ಮುಗಿಸಿದ್ದಳು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 2016ರಲ್ಲೇ ನಿಷೇಧ ಆಗಿದೆ. 2022ರ ಜುಲೈ 1ರಿಂದ ಸ್ಟ್ರಾ, ಲೋಟ, ತಟ್ಟೆಯಂಥ ಒಂದೇ ಸಲ ಬಳಸಿ ಬಿಸಾಡುವ ಸಾಮಾನೂ ದೇಶದಲ್ಲೆಲ್ಲ ನಿಷೇಧ. ಅದನ್ನು ಹೇಳಿದೆ. ಎಲ್ಲರೂ ಗಪ್‌ಚುಪ್. ಆಮೇಲೆ ಹಿಂದಿನಿಂದ ಒಬ್ಬ, ‘ಹಂಗಾದ್ರೆ ನಿನ್ನೆ ಅಮ್ಮ ಟೊಮೆಟೊ ತಂದಿದ್ದು ಯಾವುದ್ರಲ್ಲಿ ಸಾರ್?’ ಅಂದ.

ಸರಿಯಾದ ಪ್ರಶ್ನೆ ಅಲ್ವಾ? ಪ್ರಬಂಧದಲ್ಲಿ ಸಮಸ್ಯೆ ಇತ್ತು, ಪರಿಹಾರ ಇತ್ತು, ನಡುವೆ ಕಾರಣವೇ ಇರಲಿಲ್ಲ. ‘ಜಾಗೃತಿ ಇಲ್ಲ’ ಅನ್ನೋದು ಕಾರಣ ಅಲ್ಲ. ಪಂಚಾಯ್ತಿಯವರು ಬಂದಾಗ ಕವರ್ ಕಟ್ಟನ್ನು ಗೋಣಿತಾಟಿನ ಕೆಳಗೆ ತಳ್ಳುವವರಿಗೆ ಜಾಗೃತಿ ಬೇಕಾದಷ್ಟಿದೆ.

ಮಕ್ಕಳನ್ನು ಸಂತೆಗೆ ಕಳಿಸಿದೆ. ಕೇಳಬೇಕಾದ್ದು ಒಂದೇ: ಕವರ್ ಯಾಕೆ ಕೊಡ್ತೀರಾ? ಸೊಪ್ಪಿನ ಅಜ್ಜಿಯ ಉತ್ತರ ನೋಟ್‌ಬುಕ್ಕಿನಲ್ಲಿ ಹಾಗೇ ಇದೆ: ‘ನಾ ಕೊಡ್ಲಿಲ್ಲ ಅಂದ್ರೆ ಪಕ್ಕದೋಳು ಕೊಡ್ತಾಳೆ ಮಗಾ. ಗಿರಾಕಿ ಕೈ ಬೀಸ್ಕೊಂಡು ಬರ್ತಾರೆ.’ ಇದು ಕಾರಣ! ಕವರ್ ಕೊಡಲು ಅಜ್ಜಿಗೂ ಇಷ್ಟ ಇಲ್ಲ, ಅದಕ್ಕೆ ಹೋಗೋದು ಅವರದೇ ದುಡ್ಡು. ಒಬ್ಬರೇ ನಿಲ್ಲಿಸಿದರೆ ವ್ಯಾಪಾರ ಹೋಗುತ್ತೆ, ಅಷ್ಟೇ. ಹಾಗಾಗಿ ಎಲ್ಲರೂ ಒಂದೇ ದಿನ ನಿಲ್ಲಿಸುವ ಹಾಗೆ ಯಾರು ಮಾಡಬಲ್ಲರು ಅನ್ನೋದು ಮುಂದಿನ ಪ್ರಶ್ನೆ. ಸಂತೆಯಲ್ಲಿ ಮೂಲಂಗಿ ಮಾರುವವರ ಮಗ ನಮ್ಮಲ್ಲಿದ್ದಾನೆ. ‘ಸುಂಕ ಎತ್ತೋರು ಸಾರ್’ ಅಂದ. ಸಂತೆ ಸುಂಕದ ಹಕ್ಕನ್ನು ಪಂಚಾಯ್ತಿ ವರ್ಷಕ್ಕೊಮ್ಮೆ ಹರಾಜು ಹಾಕುತ್ತೆ. ಹರಾಜಿಗೆ ಷರತ್ತುಗಳಿರುತ್ತವೆ. ಷರತ್ತು ಬರೆಯುವವರು ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ‘ಸರ್ಕಾರ’ ಅನ್ನುವ ದೊಡ್ಡ ಮೋಡ ಕರಗಿ, ರಸ್ತೆಯ ಆಚೆ ಬದಿಯ ಆಫೀಸಿನಲ್ಲಿ ಕೂತಿರುವ ಒಬ್ಬ ಮನುಷ್ಯ ಕಾಣಿಸಿದ್ದು ಆಗಲೇ.

ನಡುವೆ ಒಂದು ವಿಷಯ, ಮರೆತು ಹೋಗುತ್ತೆ. ಮುಂದಿನ ಕೆಲಸ ಗೋಡೆ ಪತ್ರಿಕೆ. ಎಡಕ್ಕೆ ಒಬ್ಬರ ಪ್ರಬಂಧ, ಬಲಕ್ಕೆ ಅದನ್ನು ಒಪ್ಪದವರ ಉತ್ತರ, ಕೆಳಗೆ ಓದಿದವರು ಗೀಚಲು ಖಾಲಿ ಜಾಗ. ಬಸ್ ಶೆಲ್ಟರ್ ಗೋಡೆ ಮೇಲೆ ಕಣ್ಣಿಟ್ಟಿದ್ದೇನೆ. ಸದ್ಯಕ್ಕೆ ಅಲ್ಲಿ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಇದೆ. ಫ್ಲೆಕ್ಸೂ 2016ರ ನಿಷೇಧದ ಪಟ್ಟಿಯಲ್ಲಿದೆ ಅಂತ ಮಕ್ಕಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಆ ನಾಯಕರಿಗೇ ಪ್ರಬಂಧ ಹೋಗುತ್ತೆ.

ಸರಿ, ಪ್ಯಾರಾಗೆ ಬರೋಣ. ಯಾರಿಗೆ ಬರೆಯಬೇಕು ಅಂತ ಗೊತ್ತಾದ ಮೇಲೂ ಮನವೊಲಿಸುವ ಭಾಗ ಸಪ್ಪೆಯಾಗಿತ್ತು. ಅದಕ್ಕೆ ಒಬ್ಬರನ್ನು ಪಿಡಿಒ ಕುರ್ಚಿಯಲ್ಲಿ ಕೂರಿಸಿದೆ. ಬರೆದವರು ಒಂದೊಂದೇ ಸಾಲು ಓದಬೇಕು, ಕುರ್ಚಿಯಲ್ಲಿ ಇರುವವರು ತಡೆಯಬೇಕು. ಚೀಲಕ್ಕೆ ದುಡ್ಡು ಯಾರದು? ಸುಂಕದವನಿಗೆ ಕೆಲಸ ಜಾಸ್ತಿ ಆಗಿ ಹರಾಜಿನಲ್ಲಿ ಕಮ್ಮಿ ಕೂಗಿದರೆ ಪಂಚಾಯ್ತಿ ಆದಾಯ ಏನಾಗಬೇಕು? ಮೀನು ತಗೊಳ್ಳೋರು ಏನು ಮಾಡಬೇಕು? ಕುರ್ಚಿಗಾಗಿ ಜಗಳವೇ ಆಯ್ತು. ಪ್ರಶ್ನೆ ಕೇಳೋದು ಉತ್ತರ ಬರೆಯೋದಕ್ಕಿಂತ ಮಜಾ ತಾನೆ.

ಕೊನೆಗೆ ಬಂದ ಪ್ಯಾರಾ ಇದು, ಕಾಗುಣಿತ ಬಿಟ್ಟು ನಾನೇನೂ ಮುಟ್ಟಿಲ್ಲ:

‘ಮಾನ್ಯ ಪಿಡಿಒ ಅವರೇ, ಮುಂದಿನ ಸಂತೆ ಹರಾಜಿನ ಷರತ್ತಿಗೆ ಒಂದು ಸಾಲು ಸೇರಿಸಿ: ಸಂತೆಯೊಳಗೆ ಕವರ್ ಕೊಡುವಂತಿಲ್ಲ. ಬಾಗಿಲಲ್ಲಿ ಸ್ತ್ರೀಶಕ್ತಿ ಸಂಘದವರು ಹಳೇ ಸೀರೆಯ ಚೀಲ ಇಟ್ಟುಕೊಂಡು ಕೂರಲಿ. ಹತ್ತು ರೂಪಾಯಿ ಕೊಟ್ಟು ಒಯ್ಯುವುದು, ಚೀಲ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಸುಂಕದವರಿಗೆ ಇದರಿಂದ ಕೆಲಸ ಇಲ್ಲ, ನಷ್ಟವೂ ಇಲ್ಲ. ಸೊಪ್ಪು ಹೇಗೂ ಬಾಳೆನಾರಿನಲ್ಲಿ ಕಟ್ಟಿರುತ್ತದೆ. ಮೀನಿಗೆ ಡಬ್ಬಿ ತರಲಿ, ನಮ್ಮ ತಾತ ಈಗಲೂ ತರುತ್ತಾರೆ.’

ಆ ತಾತನ ಡಬ್ಬಿಗೆ ನಾನು ಸೋತೆ. ಯಾವ ಗೈಡಿನಲ್ಲೂ ಸಿಗದ ಸಾಕ್ಷಿ ಅದು.

ಪರೀಕ್ಷೆಯಲ್ಲಿ ಇದು ನಡೆಯುತ್ತಾ ಅಂತ ಒಬ್ಬರು ಪೋಷಕರು ಕೇಳಿದರು. ಯಾಕೆ ನಡೆಯಲ್ಲ? ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಮೂರೂ ಇರುತ್ತೆ. ಕಾರಣ ಮತ್ತು ಆಕ್ಷೇಪ ವಿಷಯ ವಿವರಣೆಯಲ್ಲಿ ಕೂರುತ್ತವೆ. ಪೀಠಿಕೆ ಮಾತ್ರ ಇನ್ನೂ ‘ಇಂದಿನ ಆಧುನಿಕ ಯುಗದಲ್ಲಿ’ ಅಂತಲೇ ಶುರುವಾಗುತ್ತಿದೆ. ಅದರ ಸರದಿ ಮುಂದೆ.

ಈಗ ಎಲ್ಲರದ್ದೂ ಅಂದವಾಗಿ ನಕಲು ಮಾಡಿಸಿ ಮಕ್ಕಳ ಗ್ರಾಮಸಭೆಯಲ್ಲಿ ಕೊಡಿಸುವ ಯೋಚನೆ ಇದೆ. ಅಡ್ಡಗಾಲು ಹಾಕಿರುವುದು ಹಾಳೆ. ಸ್ಟೇಷನರಿ ಅಂಗಡಿಯವರು ‘ಒಳ್ಳೇ ಕ್ವಾಲಿಟಿ’ ಅಂತ ಕಟ್ಟಿ ಕೊಟ್ಟ ಗೆರೆ ಹಾಳೆಯಲ್ಲಿ ಜೆಲ್ ಪೆನ್ನಿನ ಮಸಿ ಹಿಂದಕ್ಕೆ ಇಳಿಯುತ್ತೆ, ಎರಡೂ ಬದಿ ಬರೆಯೋಕಾಗಲ್ಲ. ವಾಪಸ್ ಕೇಳಿದರೆ ಪೆನ್ನು ಬದಲಾಯಿಸಿ ಅಂತಾರೆ. ಮಸಿ ಇಳಿಯದ ಹಾಳೆ ಸಗಟು ಬೆಲೆಗೆ ಎಲ್ಲಾದರೂ ಸಿಕ್ಕಿದ್ದರೆ ದಯವಿಟ್ಟು ತಿಳಿಸಿ.